ಬರ್ತೈತೆ

ಆಟದ ಸಾಮಾನಿನ ಅಂಗಡಿಯವರ ಮಗಳು, ಅವಳಿಗೇನು ಕಮ್ಮಿ ಎಂದು ಇಡೀ ಮೂರನೇ ಕ್ಲಾಸು ಬಿಂದುವಿನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿತ್ತು. ಉರಿದುಕೊಂಡದ್ದೇ ಬಂತು. ನಿಜಕ್ಕೂ ಹೊಟ್ಟೆ ಉರಿಯಬೇಕಾದವಳು ಯಾರು ಎಂಬುದು ಬಿಂದುವಿಗೆ ಮಾತ್ರ ಗೊತ್ತಿತ್ತು.

ಆಗಿನ್ನೂ ತೊಂಬತ್ತರ ದಶಕದ ಶುರು. ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನಿಂದ ಪೇಟೆ ಬೀದಿಗೆ ತಿರುಗಿದರೆ ಎಡಗಡೆಗೆ ಅವಳ ಅಪ್ಪ ಶಿವಕುಮಾರಪ್ಪನ ಅಂಗಡಿ. ಬೋರ್ಡಿನ ಮೇಲೆ ಉದ್ದಕ್ಕೆ ದೇವರ ಹೆಸರಿತ್ತು, ಊರ ಬಾಯಲ್ಲಿ ಮಾತ್ರ ಅದು ಬರೀ ಫ್ಯಾನ್ಸಿ ಸ್ಟೋರು. ಬಳೆ, ಟಿಕ್ಲಿ, ರಿಬ್ಬನ್ನು, ಮುಖಕ್ಕೆ ಹಚ್ಚುವ ಸ್ನೋ, ಪೌಡರು, ಟಾರ್ಚು, ಕೊಡೆ, ಮದುವೆಗೆ ಕೊಡುವ ಗೋಡೆ ಗಡಿಯಾರ, ಎಲ್ಲವನ್ನೂ ಒಂದರ ಮೇಲೊಂದು ತುರುಕಿದ್ದ ಆ ಸಂದಿಯಲ್ಲಿ ತಲೆ ಎತ್ತಿದರೆ ಆಟದ ಸಾಮಾನು. ಕೀಲಿ ಕೊಟ್ಟರೆ ಕುಪ್ಪಳಿಸುವ ಕಪ್ಪೆ, ತಾಳ ಹೊಡೆಯುವ ಕೋತಿ, ಗುಂಡಿ ಒತ್ತಿದರೆ ನೀರೊಳಗೆ ರಿಂಗು ಹಾರುವ ಡಬ್ಬಿ, ನೀರಿನ ಪಿಸ್ತೂಲು, ಬೊಗಸೆಯಷ್ಟು ಅಡಿಗೆ ಸೆಟ್ಟು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಪರದೆ ದಾಟಿ ಒಂದು ಪೀಪಿಯೂ ಮನೆಯೊಳಗೆ ಬರಬಾರದು ಎಂಬುದು ಶಿವಕುಮಾರಪ್ಪನ ಕಾನೂನು.

"ಇದು ಮಾರೋ ಮಾಲು ಕಣವ್ವ. ಮಾರೋ ಮಾಲನ್ನ ನಾವೇ ಆಡ್ಕಂಡು ಕುಂತ್ರೆ ಉಣ್ಣಾದೇನು?" ಎನ್ನುತ್ತಿದ್ದ.

ಮುರಿದದ್ದು, ಒಡೆದದ್ದು ಮಾತ್ರ ಪರದೆ ದಾಟುತ್ತಿತ್ತು. ಬಿಂದುವಿನ ಅಣ್ಣ ಕಲ್ಲೇಶ ಈ ಗುಟ್ಟನ್ನು ಬಹಳ ಬೇಗ ಕಂಡುಕೊಂಡ. ಕಣ್ಣಿಗೆ ಬಿದ್ದ ಕಾರನ್ನು ಎತ್ತಿಕೊಳ್ಳುವುದು, ನೋಡುವ ನೆಪದಲ್ಲಿ ಗಾಲಿ ಕಿತ್ತುಬಿಡುವುದು. ಅಪ್ಪ ಬೆನ್ನಿಗೆ ಒಂದು ಬಾರಿಸಿ, "ಹಾಳಾಗ್ ಹೋಗ್ಲಿ, ತಗಂಡ್ ಸಾಯಿ" ಎಂದು ಅದನ್ನು ಅವನ ಕಡೆಗೇ ಎಸೆಯುತ್ತಿದ್ದ. ಒಂದು ಏಟಿಗೆ ಒಂದು ಕಾರು. ಕಲ್ಲೇಶನ ಹಾಸಿಗೆಯ ಕೆಳಗೆ ಮೂರು ಗಾಲಿಯ ವಾಹನಗಳ ದೊಡ್ಡ ಗ್ಯಾರೇಜೇ ಇತ್ತು. ಬಿಂದುವಿನ ಕೈಯಲ್ಲಿ ಏನೂ ಮುರಿಯುತ್ತಿರಲಿಲ್ಲ. "ನನ್ ಮಗಳು ಎಷ್ಟು ಜೋಪಾನ ಅಂತೀರಿ, ಒಂದು ಗೀರೂ ಬೀಳ್ದಂಗೆ ನೋಡ್ಕಂತಾಳೆ" ಎಂದು ಅಪ್ಪ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆ ಹೊಗಳಿಕೆ ಇಟ್ಟುಕೊಂಡು ಆಡುವುದಾದರೂ ಹೇಗೆ, ನೀವೇ ಹೇಳಿ.

ಈ ಜೋಪಾನದ ಮಗಳಿಗೆ ಅವನು ಒಂದು ಕೆಲಸ ಹಚ್ಚಿದ್ದ. ಸಂತೆ ದಿನ ಸುತ್ತಲ ಹಳ್ಳಿಯವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಪೇಟೆಗೆ ಬರುತ್ತಿದ್ದರು. ಅವತ್ತು ಮಧ್ಯಾಹ್ನ ಊಟಕ್ಕೆ ಬಂದ ಬಿಂದು ತಿರುಗಿ ಶಾಲೆಗೆ ಹೋಗುವಂತಿರಲಿಲ್ಲ. ಅವಳ ಅವ್ವ ದಾಕ್ಷಾಯಣಮ್ಮ ತಲೆ ಬಾಚಿ, ಎರಡು ಜಡೆ ಮಡಚಿ ಕಟ್ಟಿ, ಒಳ್ಳೆಯ ಲಂಗ ತೊಡಿಸಿ ಪರದೆಯ ಮುಂದಕ್ಕೆ ಕಳಿಸುತ್ತಿದ್ದಳು. ಅಪ್ಪ ಅವಳನ್ನು ಬೀದಿಗೆ ಕಾಣುವ ಹಾಗೆ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ಕೈಗೊಂದು ಆಟದ ಸಾಮಾನು ಕೊಡುತ್ತಿದ್ದ.

"ಆಡವ್ವ. ನಗ್ತಾ ಆಡು."

ಆಡು ಎಂದರೆ ಆಡದ ಮಗು ಯಾವುದು? ಬಿಂದು ಕಪ್ಪೆಗೆ ಕೀಲಿ ಕೊಡುತ್ತಿದ್ದಳು, ಅದು ಕುಪ್ಪಳಿಸಿದರೆ ಕೇಕೆ ಹಾಕುತ್ತಿದ್ದಳು, ಕಟ್ಟೆಯಿಂದ ಬೀಳದಂತೆ ಕೈ ಅಡ್ಡ ಇಡುತ್ತಿದ್ದಳು. ಕಪ್ಪೆ ತನ್ನದು ಎಂದು ಅವಳಿಗೆ ಅನ್ನಿಸಲು ಶುರುವಾಗುವ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಯಾವುದಾದರೂ ಒಂದು ಕೂಸು ಅವ್ವನ ಸೆರಗು ಜಗ್ಗಿ ನಿಂತುಬಿಡುತ್ತಿತ್ತು. ನಂಗೂ ಅದೇ ಬೇಕು. ಅಂಥದ್ದು ಬೇರೆ ಕೊಟ್ಟರೆ ನಡೆಯದು. ಅದೇ ಬೇಕು, ಆ ಹುಡುಗಿ ಕೈಯಲ್ಲಿರುವುದೇ ಬೇಕು. ಅವ್ವ ಬೈದು, ಗದರಿ, ರಟ್ಟೆ ಹಿಡಿದು ಎಳೆದರೂ ಕೇಳದೆ ಧೂಳಿನಲ್ಲಿ ಬಿದ್ದು ಹೊರಳಾಡುತ್ತಿತ್ತು. ಆಗ ಶಿವಕುಮಾರಪ್ಪ ನಿಧಾನಕ್ಕೆ ಎದ್ದು ಬರುತ್ತಿದ್ದ.

"ಕೊಡವ್ವ."

ಮಗಳ ಕೈಯಿಂದ ಇಸಿದುಕೊಂಡು, ಹೆಗಲ ಟವೆಲ್ಲಿನಲ್ಲಿ ಒರೆಸಿ, ಡಬ್ಬಿಗೆ ಹಾಕಿ ಆ ಹೆಂಗಸಿನ ಕೈಗೆ ಕೊಡುತ್ತಿದ್ದ. ಅಷ್ಟು ಹೊತ್ತಿಗೂ ಕೀಲಿ ಪೂರಾ ಬಿಚ್ಚಿಕೊಂಡಿರುತ್ತಿರಲಿಲ್ಲ. ಡಬ್ಬಿಯೊಳಗೆ ಕಪ್ಪೆ ಕಟಕಟ ಎನ್ನುತ್ತಲೇ ಬೀದಿಯ ತಿರುವಿನವರೆಗೆ ಹೋಗುತ್ತಿತ್ತು. ಬಿಂದುವಿನ ಕೈಗೆ ಇನ್ನೊಂದು ಸಾಮಾನು ಬರುತ್ತಿತ್ತು. ಆಡವ್ವ, ನಗ್ತಾ ಆಡು.

"ಇವಳ ಕೈಗುಣ ನೋಡ್ರಿ, ಮುಟ್ಟಿದ್ದೆಲ್ಲ ಓಡ್ತೈತೆ" ಎಂದು ಅವನು ಪಕ್ಕದ ಅಂಗಡಿಯವರಿಗೆ ಹೇಳುತ್ತಿದ್ದ. ಸುಳ್ಳಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದ. ಆ ಮನುಷ್ಯ ಮಗಳ ಮೇಲೆ ಕೈ ಎತ್ತಿದವನಲ್ಲ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಮಾಡಿದವನಲ್ಲ. ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಒಂದು ದಿನವಾದರೂ ಅನ್ನಿಸಿರಲಿಕ್ಕಿಲ್ಲ. ಅನ್ನಿಸಿದ್ದರೆ ಕಥೆ ಇಷ್ಟು ಕಹಿಯಾಗುತ್ತಿರಲಿಲ್ಲ.

ಆ ಅಂಗಡಿಯಲ್ಲಿ ಎಲ್ಲವೂ ಸಿಗುತ್ತಿತ್ತು, ಒಂದು ಮಾತಿನ ಹೊರತು. 'ಇಲ್ಲ' ಎಂಬ ಮಾತು. ಅಂಗಡಿಯ ಹೊಸ್ತಿಲೊಳಗೆ ಇಲ್ಲ ಎಂದರೆ ಲಕ್ಷ್ಮಿ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾಳೆ ಎಂದು ಶಿವಕುಮಾರಪ್ಪನ ಅಪ್ಪ ಅವನಿಗೆ ಹೇಳಿಕೊಟ್ಟಿದ್ದ. ಅಕ್ಕಿ ತೀರಿದರೆ ದಾಕ್ಷಾಯಣಮ್ಮ ಕೂಡ ಪರದೆಯ ಹಿಂದಿನಿಂದ "ಅಕ್ಕಿ ತರ್ಬೇಕು" ಎನ್ನಬೇಕೇ ಹೊರತು ಅಕ್ಕಿ ಇಲ್ಲ ಎನ್ನುವ ಹಾಗಿರಲಿಲ್ಲ. ಗಿರಾಕಿ ಕೇಳಿದ್ದು ಅಂಗಡಿಯಲ್ಲಿ ಇಲ್ಲದಿದ್ದರೆ ಅದಕ್ಕೆ ಅವನ ಬಳಿ ಬೇರೆ ಮಾತಿತ್ತು.

ಹಿರೇಗುಂಟನೂರಿನಿಂದ ಬಂದ ಚಂದ್ರಕ್ಕ ಯಾವುದೋ ಬಣ್ಣದ ಗಾಜಿನ ಬಳೆ ಕೇಳುತ್ತಾಳೆ ಎನ್ನಿ. "ಬರ್ತೈತೆ ಚಂದ್ರಕ್ಕ, ಮುಂದಿನ್ ವಾರ ಬರ್ತೈತೆ." ಚಂದ್ರಕ್ಕ ದೊಡ್ಡವಳು, ಅರ್ಥ ಮಾಡಿಕೊಂಡು ಸುಮ್ಮನೆ ಎದುರಿನ ಅಂಗಡಿಗೆ ಹೋಗುತ್ತಿದ್ದಳು. ಅರ್ಥವಾಗದೆ ಸಾಯುತ್ತಿದ್ದವು ಮಕ್ಕಳು. ಬಿಂದುವಿನ ಕ್ಲಾಸಿನ ಮಾರುತೇಶ ಬಾಗಿಲು ತೆರೆಯುವಂಥ ಕೆಂಪು ಬಸ್ಸು ಕೇಳಿಕೊಂಡು ಬಂದ. ಬರ್ತೈತೆ. ಮುಂದಿನ ವಾರ ಬಂದ. ಬರ್ತೈತೆ. ಅವನಿಗೆ ಮೀಸೆ ಚಿಗುರುವವರೆಗೂ ಆ ಬಸ್ಸು ಬರುತ್ತಲೇ ಇತ್ತು. ಬಿಂದು ಕಟ್ಟೆಯ ಮೇಲೆ ಕುಳಿತು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬರ್ತೈತೆ ಎಂದರೆ ಇಲ್ಲ ಎಂದು ಅಷ್ಟೂ ಗೊತ್ತಾಗುವುದಿಲ್ಲವೇ ಈ ಪೆದ್ದನಿಗೆ? ಅಂಗಡಿಯ ಒಳಗಿನವಳು ತಾನು, ಅವನು ಹೊರಗಿನವನು. ಅವಳಿಗಿದ್ದ ಹಮ್ಮು ಅದೊಂದೇ.

ದೀಪಾವಳಿಯ ಮುಂಚೆ ದುರ್ಗದ ಹೋಲ್‌ಸೇಲ್ ಅಂಗಡಿಯಿಂದ ಬಸ್ಸಿನ ಟಾಪಿನ ಮೇಲೆ ಮಾಲು ಬಂತು. ಗೋಣಿ ಬಿಚ್ಚಿದಾಗ ಒಂದು ಉದ್ದನೆಯ ಡಬ್ಬಿ. ಡಬ್ಬಿಯ ಒಳಗೆ ಕಿತ್ತಳೆ ಬಣ್ಣದ ಫ್ರಾಕು ತೊಟ್ಟ ಗೊಂಬೆ. ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು, ಎತ್ತಿದರೆ ತೆರೆಯುತ್ತಿತ್ತು, ಹೊಟ್ಟೆ ಒತ್ತಿದರೆ ಕುಂಯ್ ಎನ್ನುತ್ತಿತ್ತು. ಬಿಂದು ಅದನ್ನು ಎತ್ತಿದಳು. ಅದು ಕಣ್ಣು ತೆರೆದು ಅವಳನ್ನೇ ನೋಡಿತು. ಮುಗಿಯಿತು ಅವಳ ಕಥೆ.

ಈ ಗೊಂಬೆ ಬೇಕು. ಬೇರೆ ಏನನ್ನಾದರೂ ಮಾರಿಕೊಳ್ಳಲಿ, ಇದೊಂದು ಬೇಕು. ಬಾಯಿಬಿಟ್ಟು ಕೇಳಿದರೆ ಮಾರೋ ಮಾಲು ಎನ್ನುತ್ತಾನೆ ಅಪ್ಪ. ಕೇಳದಿದ್ದರೆ ಸಂತೆ ದಿನ ಕಟ್ಟೆಯ ಮೇಲೆ ತನ್ನ ಕೈಯಿಂದಲೇ ಹೋಗುತ್ತದೆ. ಮೊದಲು ಅವಳಿಗೆ ಹೊಳೆದದ್ದು ಕಲ್ಲೇಶನ ದಾರಿ. ಅಪ್ಪ ಒಳಗೆ ಉಣ್ಣುತ್ತಿದ್ದಾಗ ಕೌಂಟರಿನ ಹಿಂದೆ ಕುಳಿತು ಗೊಂಬೆಯ ಕಣ್ಣಿನ ಮೇಲೆ ಹೆಬ್ಬೆರಳು ಇಟ್ಟಳು. ಒಂದು ಒತ್ತು ಒತ್ತಿದರೆ ಸಾಕು, ಕಣ್ಣು ಒಳಗೆ ಬೀಳುತ್ತಿತ್ತು, ಗೊಂಬೆ ಡ್ಯಾಮೇಜ್ ಆಗುತ್ತಿತ್ತು, ಪರದೆ ದಾಟಿ ಅವಳದಾಗುತ್ತಿತ್ತು. ಬೆರಳಿನ ಕೆಳಗೆ ರೆಪ್ಪೆ ಚುಚ್ಚಿತು. ಅವಳ ಕೈ ಬರಲಿಲ್ಲ. ಅಯ್ಯೋ ಹುಡುಗಿ, ಒತ್ತಬೇಕಿತ್ತು ಕಣೇ! ಕುರುಡು ಗೊಂಬೆಯಾದರೂ ನಿನ್ನ ಮಗ್ಗುಲಲ್ಲಿ ಇರುತ್ತಿತ್ತು. ಜೋಪಾನದವಳು ನೀನು, ಒತ್ತಲಿಲ್ಲ.

ಆಮೇಲೆ ಇನ್ನೊಂದು ಉಪಾಯ ಹೊಳೆಯಿತು. ತಾನು ನಕ್ಕರೆ ತಾನೆ ಮಾಲು ಓಡುವುದು?

ಸಂತೆ ದಿನ ಅಪ್ಪ ಗೊಂಬೆಯನ್ನು ಕೈಗೆ ಕೊಟ್ಟ. ಬಿಂದು ಅದನ್ನು ತೊಡೆಯ ಮೇಲೆ ತಲೆಕೆಳಗು ಮಾಡಿ ಹಾಕಿಕೊಂಡು, ಕಹಿ ಕಷಾಯ ಕುಡಿದವಳ ಹಾಗೆ ಮುಖ ಮಾಡಿ ಕುಳಿತಳು. ಒಳಗೊಳಗೆ ಅದರ ಫ್ರಾಕಿನ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಿದ್ದಳು, ಅದು ಯಾರಿಗೂ ಕಾಣಲಿಲ್ಲ. ಮಕ್ಕಳು ಬಂದವು, ನೋಡಿದವು, ಮುಂದೆ ಹೋದವು.

"ಯಾಕವ್ವ, ಮೈ ಬಿಸಿ ಐತಾ?" ಅಪ್ಪ ಹಣೆ ಮುಟ್ಟಿ ನೋಡಿದ. ಗೊಂಬೆ ತೆಗೆದಿಟ್ಟು ಕೋತಿ ಕೊಟ್ಟ. ಬಿಂದು ಕೋತಿಯ ತಾಳಕ್ಕೆ ಬಿದ್ದು ಬಿದ್ದು ನಕ್ಕಳು. ಕೋತಿ ಕಣ್ಣು ಮುಚ್ಚಿ ಬಿಡುವುದರೊಳಗೆ ಮಾರಿಹೋಯಿತು.

ಹೀಗೇ ನಡೆಯಿತು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಗೊಂಬೆ ಬಂದಾಗೆಲ್ಲ ಕಷಾಯದ ಮುಖ, ಬೇರೆ ಏನು ಬಂದರೂ ನಗು. "ಯಾಕೋ ಈ ಮಾಲು ಓಡವಲ್ದು, ಮಗಳ ಕೈಗೂ ಒಗ್ಗವಲ್ದು" ಎಂದು ಶಿವಕುಮಾರಪ್ಪ ತಲೆ ಕೆರೆದುಕೊಂಡ. ಅವನು ಊಟ ಮಾಡಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಬಿಂದು ಕೌಂಟರಿನ ಹಿಂದಿನ ಮೂಲೆಯಲ್ಲಿ ಗೊಂಬೆಯನ್ನು ಮಲಗಿಸಿ ಎಬ್ಬಿಸಿ ಮಾಡುತ್ತಿದ್ದಳು. ಗಿರಿಜೆ ಎಂದು ಹೆಸರಿಟ್ಟಿದ್ದಳು. ಹೊಟ್ಟೆ ಮಾತ್ರ ಒತ್ತುತ್ತಿರಲಿಲ್ಲ, ಕುಂಯ್ ಎಂದರೆ ಅಪ್ಪ ಏಳುತ್ತಾನೆ. ಒಂದು ದಿನ ದಾಕ್ಷಾಯಣಮ್ಮ ಪರದೆ ಸರಿಸಿ ನೋಡಿದಳು. ಬೈಯಲಿಲ್ಲ. ಹಳೆಯ ರವಿಕೆಯ ಒಂದು ತುಂಡು ಹರಿದು ತಂದು ಮಗಳ ಮಡಿಲಿಗೆ ಹಾಕಿ, "ಸೀರೆ ಉಡ್ಸು" ಎಂದು ಪಿಸುಗುಟ್ಟಿ ಒಳಗೆ ಹೋದಳು. ಬಿಂದುವಿನ ಬಾಲ್ಯದಲ್ಲಿ ಸಂತೋಷ ಎಂದು ಎತ್ತಿ ಹೇಳುವಂಥದ್ದು ಇದ್ದರೆ ಆ ಮಧ್ಯಾಹ್ನಗಳೇ.

ಯಾರೂ ಕೊಳ್ಳದಿದ್ದರೆ ಗೊಂಬೆ ತನಗೇ ಉಳಿಯುತ್ತದೆ ಎಂದು ಅವಳು ನಂಬಿದ್ದಳು. ಅಂಗಡಿಯ ಒಳಗಿನವಳು ಎಂದು ಬೀಗುತ್ತಿದ್ದಳಲ್ಲ, ಓಡದ ಮಾಲು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಬೇಸಿಗೆಯಲ್ಲಿ ಹಿರಿಯೂರಿನ ಚಿಕ್ಕಪ್ಪ ಮರುಳಸಿದ್ದಪ್ಪನ ಹೊಸ ಮನೆಯ ಗೃಹಪ್ರವೇಶ. ಅಂಗಡಿಗೆ ಬೀಗ ಹಾಕಿ ಎಲ್ಲರೂ ಹೊರಟರು. ಬಿಂದು ಬಲು ಖುಷಿಯಲ್ಲಿದ್ದಳು. ಅಂಗಡಿ ಮುಚ್ಚಿದೆ, ಗಿರಿಜೆಯನ್ನು ಯಾರೂ ಕೊಳ್ಳುವಂತಿಲ್ಲ, ಇಡೀ ದಿನ ಯೋಚನೆಯಿಲ್ಲ. ದುರ್ಗದಲ್ಲಿ ಬಸ್ಸು ಬದಲಾಯಿಸಿದರು. ಐಮಂಗಲ ದಾಟುವವರೆಗೂ ಅವಳು ಕಿಟಕಿಯ ಕಂಬಿಗೆ ಗಲ್ಲ ಇಟ್ಟು, ಕಾಲ ಬಳಿಯಿದ್ದ ಅಪ್ಪನ ಚೀಲದ ಮೇಲೆ ಕಾಲಿಟ್ಟುಕೊಂಡು ಹಾಡು ಹೇಳುತ್ತಿದ್ದಳು. ಅದೇ ಚೀಲದೊಳಗೆ ಗಿರಿಜೆ ಇದ್ದಳು.

ಅಂಗಡಿಯಲ್ಲಿ ಓಡದ ಮಾಲು ನೆಂಟರ ಮನೆಯ ಮುಯ್ಯಿಗೆ ಹೋಗುವುದು ವ್ಯಾಪಾರಸ್ಥರ ಮನೆಗಳಲ್ಲಿ ಹೊಸದೇನಲ್ಲ. ಗಡಿಯಾರ ಓಡದಿದ್ದರೆ ಮದುವೆಗೆ, ಗೊಂಬೆ ಓಡದಿದ್ದರೆ ಮಕ್ಕಳಿರುವ ಮನೆಗೆ. ಪೂಜೆ ಮುಗಿದು ಉಡುಗೊರೆ ಕೊಡುವ ಹೊತ್ತಿಗೆ ಶಿವಕುಮಾರಪ್ಪ ತಮ್ಮನಿಗೂ ಅವನ ಹೆಂಡತಿಗೂ ಬಟ್ಟೆ ಕೊಟ್ಟ. ಆಮೇಲೆ ಚೀಲಕ್ಕೆ ಕೈ ಹಾಕಿ ಉದ್ದನೆಯ ಡಬ್ಬಿ ತೆಗೆದ. ಬಿಂದು ಡಬ್ಬಿಯ ಮೂಲೆ ಕಂಡೇ ಗುರುತು ಹಿಡಿದಳು.

"ಬಿಂದು, ಬಾರವ್ವ ಇಲ್ಲಿ" ಎಂದು ಅಪ್ಪ ಕರೆದ. ಚಿಕ್ಕಪ್ಪನ ಮಗಳು ಮೇಘಶ್ರೀ, ಅವಳದೇ ವಯಸ್ಸಿನವಳು, ಎದುರಿಗೆ ನಿಂತಿದ್ದಳು. "ತಂಗೀಗೆ ನಿನ್ ಕೈಯಾರೆ ಕೊಡು. ನಿನ್ನ ಕೈಗುಣ ಒಳ್ಳೇದು. ನಗ್ತಾ ಕೊಡವ್ವ, ಫೋಟೋ ತೆಗೀತಾರೆ."

ಬಿಂದು ಅವ್ವನ ಕಡೆ ನೋಡಿದಳು. ದಾಕ್ಷಾಯಣಮ್ಮನಿಗೆ ಆ ಡಬ್ಬಿಯಲ್ಲಿ ಏನಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅವಳು ತಲೆ ಬಗ್ಗಿಸಿ ಬಾಳೆಹಣ್ಣಿನ ಚಿಪ್ಪು ಬಿಡಿಸುತ್ತ ನಿಂತುಬಿಟ್ಟಳು. ಎಲ್ಲರೂ ಕಾಯುತ್ತಿದ್ದರು. ಬಿಂದು ಡಬ್ಬಿ ಕೊಟ್ಟಳು. ನಗು ಎಂದರು, ನಕ್ಕಳು ಕೂಡ. ಆ ಫೋಟೋ ಇವತ್ತಿಗೂ ಹಿರಿಯೂರಿನ ಮನೆಯಲ್ಲಿದೆ. ಎಷ್ಟು ಚೆಂದ ನಕ್ಕಿದ್ದಾಳೆ ನೋಡು ಎಂದು ಎಲ್ಲರೂ ಹೇಳುತ್ತಾರೆ.

ಮೇಘಶ್ರೀಗಾದರೂ ಗೊಂಬೆ ದಕ್ಕಿತೇ ಎಂದರೆ ಅದೂ ಇಲ್ಲ. ಅವಳ ಅವ್ವ "ಮುಟ್ಟಿದ್ರೆ ಕೊಳೆಯಾಗ್ತೈತೆ" ಎಂದು ಕವರಿನ ಸಮೇತ ಹೊಸ ಮನೆಯ ಗಾಜಿನ ಶೋಕೇಸಿನಲ್ಲಿ ಇಟ್ಟು ಕೀಲಿ ಹಾಕಿದಳು. ನಿಲ್ಲಿಸಿಟ್ಟ ಗೊಂಬೆ ಕಣ್ಣು ಮುಚ್ಚಲಾರದು. ಹಗಲೂ ರಾತ್ರಿ ಕಣ್ಣು ಬಿಟ್ಟುಕೊಂಡೇ ನಿಂತಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಬಿಂದು ಅಪ್ಪನ ಪಕ್ಕ ಕುಳಿತಿದ್ದಳು. ದುರ್ಗದ ಕಲ್ಲುಬೆಟ್ಟ ಕಾಣುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ಅಪ್ಪಾ, ಆ ಗೊಂಬೆ ಯಾಕ್ ಕೊಟ್ಟೆ?"

"ಅದಾ? ಎಲ್ಲಿ ಓಡ್ತು ಅದು, ನೀನೇ ನೋಡಿದ್ಯಲ್ಲ. ನಿಂಗೂ ಅದರ ಮ್ಯಾಲೆ ಮನ್ಸಿದ್ದಂಗೆ ಎಲ್ಲಿತ್ತು? ಕೈಗೆ ಕೊಟ್ರೆ ಮಕ ಸಿಂಡರಿಸ್ಕಂಡು ಕುಂತಿದ್ದೆ."

ತನ್ನ ಮುಖವೇ ತನ್ನ ಗೊಂಬೆಯನ್ನು ಕೊಟ್ಟುಬಿಟ್ಟಿತ್ತು. "ನಂಗೆ ಬೇಕಿತ್ತು" ಎಂದಳು. ಎಂಟು ವರ್ಷದ ಬಾಳಿನಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

ಶಿವಕುಮಾರಪ್ಪ ಅವಳ ಕಡೆ ತಿರುಗಿದ. ತಲೆ ಸವರಿದ. ಗಿರಾಕಿಗಳಿಗೆ ಹೇಳುವಷ್ಟೇ ಮೆತ್ತಗೆ, ಅಷ್ಟೇ ನಯವಾಗಿ ಹೇಳಿದ.

"ಬರ್ತೈತೆ ಬಿಡವ್ವ. ಮುಂದಿನ್ ಸಲ ಮಾಲು ತರುವಾಗ ಬರ್ತೈತೆ."

ಮಾರುತೇಶನನ್ನು ಆಡಿಕೊಂಡು ನಕ್ಕವಳಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕೇ? ಅಳು ಬರಲಿಲ್ಲ. ತಾನು ಒಳಗಿನವಳಲ್ಲ, ತಾನೂ ಬೀದಿಯಲ್ಲಿ ನಿಂತವಳೇ ಎಂದು ಮಾತ್ರ ಗೊತ್ತಾಯಿತು.

ಆಮೇಲೆ ಬಿಂದು ಏನನ್ನೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂರುವ ವಯಸ್ಸು ದಾಟುವವರೆಗೂ ಕುಳಿತಳು. ಏನು ಕೊಟ್ಟರೂ ಒಂದೇ ಮುಖ. ಕೈಗುಣ ಹೋಯಿತು ಎಂದು ಅಪ್ಪ ಬೇಜಾರು ಮಾಡಿಕೊಂಡ. ಕಾಲೇಜಿಗೆ ಹೋಗಬೇಕು ಎಂಬ ಆಸೆಯಿತ್ತು, ಆ ಆಸೆಯೂ ಮುಖದ ಮೇಲೆ ಬರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಗಂಡಿನವರು ನೋಡಲು ಬಂದ ದಿನ ಅವ್ವ ಅದೇ ಪರದೆಯ ಹಿಂದೆ ನಿಲ್ಲಿಸಿ ತಲೆ ಬಾಚಿದಳು. ಅಪ್ಪ ಬಂದು "ನಗ್ತಾ ಹೋಗವ್ವ" ಎಂದ. ಹೊಸದುರ್ಗದ ಆಫೀಸೊಂದರ ಗುಮಾಸ್ತನ ಜೊತೆ ಮದುವೆಯಾಯಿತು. ಗಂಡ ಕೆಟ್ಟವನಲ್ಲ. ನಿನಗೇನು ಬೇಕು ಎಂದು ಕೇಳುತ್ತಾನೆ, ಏನೂ ಬೇಡ ಎನ್ನುತ್ತಾಳೆ. ಕೇಳಿ ಕೇಳಿ ಅವನೂ ಬಿಟ್ಟುಬಿಟ್ಟ.

ಮಗಳು ಸ್ವಾತಿಯ ವಿಷಯದಲ್ಲಿ ಮಾತ್ರ ಅವಳು ಹಟ ಹಿಡಿದಳು. ಹೊಸದುರ್ಗದ ಅಂಗಡಿಯಲ್ಲಿ ಆಟದ ಸಾಮಾನು ಕೊಂಡರೆ ಅಲ್ಲೇ ನಿಂತು ಡಬ್ಬಿ ಹರಿದು, ಕವರು ಕಿತ್ತು ಬಿಸಾಡಿ ಮಗುವಿನ ಕೈಗೆ ಕೊಡುತ್ತಿದ್ದಳು. "ವಾಪಸ್ ತಗಳಾದಿಲ್ಲ ಕಣಕ್ಕ" ಎಂದು ಅಂಗಡಿಯವರು ಹೇಳಿದರೆ, "ಯಾರೂ ತಗಳಾದೇ ಬ್ಯಾಡ" ಎನ್ನುತ್ತಿದ್ದಳು. ಗಾಲಿಯೋ ಬಾಲವೋ ಮುರಿದರೆ ಬೈಯುತ್ತಿರಲಿಲ್ಲ. ಮುರಿದರೆ ಒಳಗೊಳಗೆ ಸಮಾಧಾನವೇ ಆಗುತ್ತಿತ್ತು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಬೇಸಿಗೆ ರಜೆಗೆ ಸ್ವಾತಿಯನ್ನು ಕರೆದುಕೊಂಡು ಹೊಳಲ್ಕೆರೆಗೆ ಬಂದಳು. ಸ್ವಾತಿಗೆ ಆಗ ಐದು ವರ್ಷ. ಕಲ್ಲೇಶ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ. ಬೀದಿಯ ತುದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದಿತ್ತು. ಶಿವಕುಮಾರಪ್ಪ ತನ್ನ ಹಳೆಯ ಕುರ್ಚಿ ಬಿಡದೆ ಕುಳಿತಿದ್ದ, ಗಿರಾಕಿಗಳು ಮಾತ್ರ ಕಮ್ಮಿಯಾಗಿದ್ದರು. ಮೊಮ್ಮಗಳನ್ನು ಕಂಡು ಅವನ ಮುಖ ಅರಳಿತು.

ಬಂದ ದಿನವೇ ಬಿಂದು ಹೇಳಿದಳು. "ಅಪ್ಪಾ, ಒಂದ್ ಮಾತು. ಇವಳನ್ನ ಕಟ್ಟೆ ಮ್ಯಾಲೆ ಕುಂಡ್ರಿಸಬ್ಯಾಡ."

"ಏ, ಅದೆಲ್ಲ ಯಾವ ಕಾಲದ ಮಾತವ್ವ. ಆತು ಬಿಡು."

ಆತು ಎಂದ ಮಾತನ್ನು ನಂಬಿ ಸಂತೆ ದಿನ ಬಿಂದು ತರಕಾರಿಗೆ ಹೋದಳು. ಚೀಲ ತುಂಬಿಕೊಂಡು ಬೀದಿಯ ತಿರುವಿಗೆ ಬಂದಾಗಲೇ ಕೇಳಿಸಿತು. ಮಗುವಿನ ಕೇಕೆ.

ಸ್ವಾತಿ ಕಟ್ಟೆಯ ಮೇಲೆ ಕುಳಿತಿದ್ದಳು. ತಲೆಗೆ ಹೊಸ ರಿಬ್ಬನ್ನು. ಮುಂದೆ ಬಾಲ ಅಲ್ಲಾಡಿಸುತ್ತ ಬೊಗಳುವ ಒಂದು ಬ್ಯಾಟರಿ ನಾಯಿ. ನಾಯಿ ಅಂಚಿಗೆ ಬಂದಾಗೆಲ್ಲ ಸ್ವಾತಿ ಕೈ ಅಡ್ಡ ಇಡುತ್ತಿದ್ದಳು, ಅದು ತಿರುಗಿ ಬೊಗಳಿದರೆ ಮೈಯೆಲ್ಲ ನಗುತ್ತಿದ್ದಳು. ಕೆಳಗೆ ಹಳ್ಳಿಯ ಹೆಂಗಸೊಬ್ಬಳು, ಅವಳ ಸೆರಗಿಗೆ ಜೋತು ಬಿದ್ದು ಗೋಳಾಡುತ್ತಿದ್ದ ಒಂದು ಕೂಸು. ಶಿವಕುಮಾರಪ್ಪ ಟವೆಲ್ಲು ಕೊಡವಿಕೊಂಡು ಮೊಮ್ಮಗಳ ಕಡೆ ಬಗ್ಗಿದ್ದ.

"ಕೊಡವ್ವ ಚಿನ್ನ. ತಾತ ಇನ್ನೊಂದು ಕೊಡ್ತೀನಿ."

ಸ್ವಾತಿಯ ನಗು ನಿಂತಿತು. ನಾಯಿಯನ್ನು ಎದೆಗೆ ಅವಚಿಕೊಂಡಳು. ಎದೆಯ ಮೇಲೆ ಅದು ಇನ್ನೂ ಬೊಗಳುತ್ತಲೇ ಇತ್ತು.

ಬಿಂದು ಚೀಲವನ್ನು ಬೀದಿಯಲ್ಲೇ ಬಿಟ್ಟಳು. ಟೊಮೆಟೊ ಉರುಳಿ ಚರಂಡಿಗೆ ಬಿದ್ದವು. ಕಟ್ಟೆ ಹತ್ತಿ ಅಪ್ಪನ ಕೈಗೂ ಮಗುವಿಗೂ ನಡುವೆ ನಿಂತಳು.

"ಅದು ಮಾರಾಕಲ್ಲ" ಎಂದು ಆ ಹೆಂಗಸಿಗೆ ಹೇಳಿದಳು.

"ಹಂಗಾರೆ ಅಂಥದ್ದೇ ಇನ್ನೊಂದು ಐತೇನ್ರಿ?" ಹೆಂಗಸು ಶಿವಕುಮಾರಪ್ಪನನ್ನು ಕೇಳಿದಳು.

"ಬರ್ತೈತೆ ತಾಯಿ, ಮುಂದಿನ್ ವಾರ..."

"ಇಲ್ಲ" ಎಂದಳು ಬಿಂದು.

ಶಿವಕುಮಾರಪ್ಪ ಏಟು ಬಿದ್ದವನ ಹಾಗೆ ತಿರುಗಿದ. 

"ಇಲ್ಲ ಕಣಮ್ಮ. ಮುಂದಿನ್ ವಾರನೂ ಇಲ್ಲ, ಅದರ ಮುಂದಿನ್ ವಾರನೂ ಇಲ್ಲ. ಸುಮ್ಮನೆ ಆ ಮಗೀನ ಅಲೆದಾಡಿಸಬ್ಯಾಡ. ಈ ಅಂಗಡೀಲಿ ಇಲ್ಲ. ಇಲ್ಲ ಅಂದ್ರೆ ಇಲ್ಲ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹೆಂಗಸು ಕೂಸನ್ನು ಕಂಕುಳಿಗೆ ಹಾಕಿಕೊಂಡು ಹೆದರಿದವಳಂತೆ ಸರಸರನೆ ಹೋಗಿಬಿಟ್ಟಳು. ಶಿವಕುಮಾರಪ್ಪ ಕುರ್ಚಿಗೆ ಕುಸಿದ. ದೇವರ ಪಟದ ಕಡೆ ಒಮ್ಮೆ, ಹೊಸ್ತಿಲ ಕಡೆ ಒಮ್ಮೆ ನೋಡಿದ.

"ನನ್ನಪ್ಪನ ಕಾಲ್ದಿಂದ ಈ ಹೊಸ್ತಿಲೊಳಗೆ ಆ ಮಾತು ಬಂದಿರ್ಲಿಲ್ಲ" ಎಂದ. ತನ್ನ ಬಾಯಲ್ಲೂ 'ಇಲ್ಲ' ಬಂದದ್ದು ಅವನಿಗೆ ತಿಳಿಯಲಿಲ್ಲ. "ಮನೆ ಮಗಳು ನೀನು. ಸಂತೆ ದಿನ, ದೀಪ ಹಚ್ಚೋ ಹೊತ್ತಾಗೆ, ಬಾಗ್ಲಾಗೆ ನಿಂತ್ಕಂಡು... ನಾನೇನ್ ಮಾಡಿದ್ದೆ ನಿಂಗೆ?"

ಬಿಂದು ಇಷ್ಟು ವರ್ಷ ಅದುಮಿಟ್ಟುಕೊಂಡದ್ದು ಬಾಯಿಗೆ ಬಂತು. "ನನ್ ಗೊಂಬೆ ಎಲ್ಲಪ್ಪ?" ಎಂದು ಕೇಳಿದಳು. ಕೇಳಿದ ದನಿ ಅವಳಿಗೇ ಗುರುತು ಸಿಗಲಿಲ್ಲ, ಎಂಟು ವರ್ಷದ ಹುಡುಗಿಯ ದನಿ ಅದು.

"ಯಾವ ಗೊಂಬೆ?"

"ಕಿತ್ತಳೆ ಫ್ರಾಕಿಂದು. ಕಣ್ಣು ಮುಚ್ತಿತ್ತಲ್ಲ, ಅದು. ಹಿರಿಯೂರಿಗೆ ತಗಂಡ್ ಹೋಗಿ ನನ್ ಕೈಲೇ ಕೊಡಿಸಿದ್ಯಲ್ಲ."

ಶಿವಕುಮಾರಪ್ಪ ಹುಬ್ಬು ಗಂಟಿಕ್ಕಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಸೂರಿಗೆ ನೇತುಹಾಕಿದ್ದ ಸಾಮಾನನ್ನೆಲ್ಲ ಒಂದು ಸುತ್ತು ನೋಡಿದ, ಅಲ್ಲೆಲ್ಲೋ ಇರಬಹುದು ಎನ್ನುವ ಹಾಗೆ. ಅವನು ನಾಟಕ ಮಾಡುತ್ತಿರಲಿಲ್ಲ. ಮಾಡಿದ್ದರೆ ಬಿಂದು ಜಗಳವನ್ನಾದರೂ ಆಡುತ್ತಿದ್ದಳು.

"ಅಂಥವು ಎಷ್ಟು ಬಂದ್ವೋ ಎಷ್ಟು ಹೋದ್ವೋ ಕಣವ್ವ" ಎಂದ ಕಡೆಗೆ. ಮಗಳ ಮುಖ ನೋಡಿ ಅವನಿಗೆ ಏನನ್ನಿಸಿತೋ, ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ದನಿ ಮೆತ್ತಗಾಯಿತು, ನಯವಾಯಿತು. "ಅದಕ್ಯಾಕೆ ಇಷ್ಟ್ ಸಿಟ್ಟು? ದುರ್ಗಕ್ಕೆ ಹೇಳಿ ಕಳಿಸ್ತೀನಿ. ಬರ್ತೈತೆ ಬಿಡು. ಮುಂದಿನ್ ವಾರ ಬರ್ತೈತೆ."

ಬಿಂದುವಿನ ಮುಖದ ಮೇಲೆ ಏನೂ ಬರಲಿಲ್ಲ. ಬೀದಿಗೆ ಇಳಿದು ಉರುಳಿದ ತರಕಾರಿಯನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕತೊಡಗಿದಳು.

ಸ್ವಾತಿ ಮಾತ್ರ ಕಟ್ಟೆಯಿಂದ ಜಿಗಿದು, ಬೊಗಳುವ ನಾಯಿಯನ್ನು ಎತ್ತಿಕೊಂಡೇ ಪರದೆ ಸರಿಸಿ ಒಳಗೆ ಓಡಿದಳು. ಅಡಿಗೆಮನೆಯಲ್ಲಿದ್ದ ದಾಕ್ಷಾಯಣಮ್ಮನಿಗೆ ಅವಳು ಕೂಗಿ ಹೇಳಿದ್ದು ಬೀದಿಯವರೆಗೂ ಕೇಳಿಸಿತು.

"ಅಜ್ಜೀ, ಅಮ್ಮಂಗೂ ಗೊಂಬೆ ಬರ್ತೈತಂತೆ! ಮುಂದಿನ್ ವಾರ ಬರ್ತೈತಂತೆ!"